ಧ್ವನಿವರ್ಧಕಕ್ಕೆ ಎಂತಹ ತಂತಿ?

ಗುಬ್ಬಿ ಕಂಪನಿಯೆಂದು ನಾಡಿಗೆಲ್ಲ ಪರಿಚಿತವಾದ ನಾಟಕ ಸಂಘವು 1884ರಲ್ಲಿ ಸ್ಥಾಪಿತವಾದಾಗ, ಇಂದು ನಾವು ಮನೆಗಳಲ್ಲಿ ಕಾಣುವ ಬಗೆಯ ಧ್ವನಿವರ್ಧಕವು ಲೋಕದಲ್ಲಿಯೇ ಇರಲಿಲ್ಲ. ನಟನ ಕಂಠವೊಂದೇ ಕಡೆಯ ಸಾಲಿನ ಪ್ರೇಕ್ಷಕನನ್ನು ಮುಟ್ಟಬೇಕಾಗಿತ್ತು. ಅಮೆರಿಕೆಯ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು ಅಲುಗುವ ಸುರುಳಿಯುಳ್ಳ ಧ್ವನಿವರ್ಧಕದ ವಿವರಗಳನ್ನು 1925ರಲ್ಲಿ ಪ್ರಕಟಿಸಿದರು. ಆ ಮೇಲೆ ಕಂಠವು ಮಾಡುತ್ತಿದ್ದ ಕೆಲಸದ ಒಂದು ಪಾಲು ತಂತಿಯ ಹೆಗಲಿಗೆ ಬಿತ್ತು.

ಈ ತಂತಿ ಚಿರಂಜೀವಿಯಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಊರುಗಳ ಹಳೆಯ ಮನೆಗಳಲ್ಲಿ ಹತ್ತಿಪ್ಪತ್ತು ವರ್ಷಗಳ ಹಿಂದೆ ಗೋಡೆಯುದ್ದಕ್ಕೂ ಎಳೆದ ತಂತಿಯ ಹೊದಿಕೆ ಒಡೆದಿರಬಹುದು. ತುದಿಯ ತಾಮ್ರ ಹಸುರುಗಟ್ಟಿರಬಹುದು. ಇಲಿಯ ಹಲ್ಲಿಗೂ ಸಿಕ್ಕಿರಬಹುದು. ಹೊಸ ತಂತಿಯನ್ನು ಕೊಳ್ಳಲು ಹೊರಟವನಿಗೆ ಪೇಟೆಯಲ್ಲಿ ದೊಡ್ಡ ಗೊಂದಲವೇ ಎದುರಾಗುತ್ತದೆ. ಮೀಟರಿಗೆ ಕೆಲವೇ ಹತ್ತು ರೂಪಾಯಿಗಳ ತಂತಿಯೂ ಉಂಟು, ಸಾವಿರಾರು ರೂಪಾಯಿಗಳದೂ ಉಂಟು. ಒಂದೊಂದರ ಮೇಲೆಯೂ ಒಂದೊಂದು ಬಗೆಯ ಹೊಗಳಿಕೆ. ಇವುಗಳಲ್ಲಿ ಯಾವುದನ್ನು ಆರಿಸಬೇಕು?

ಇದಕ್ಕೆ ಉತ್ತರ ಜಾಹೀರಾತಿನಲ್ಲಿ ಇಲ್ಲ. ಜರ್ಮನಿಯ ಗೇಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ, ಇಂದು ಪ್ರೌಢಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಓದುವ ನಿಯಮದಲ್ಲಿ ಇದೆ. ಹೊಳೆಗೆ ಸುರಿದರೂ ಅಳೆದು ಸುರಿಯಬೇಕೆಂಬುದು ನಮ್ಮ ಹಿರಿಯರ ಮಾತು. ತಂತಿಯ ವಿಷಯದಲ್ಲಿಯೂ ಅಳತೆಯೇ ಮೊದಲು, ಬೆಲೆ ಆಮೇಲೆ.

ತಂತಿಯೊಳಗೆ ನಡೆಯುವುದೇನು?

ಧ್ವನಿವರ್ಧಕದೊಳಗೆ ಅಯಸ್ಕಾಂತದ ಕಿರಿದಾದ ಸಂದಿನಲ್ಲಿ ತಾಮ್ರದ ಒಂದು ಸುರುಳಿ ತೂಗಾಡುತ್ತಿರುತ್ತದೆ. ಸುರುಳಿಗೆ ಕಾಗದದ ಶಂಕುವೊಂದು ಅಂಟಿರುತ್ತದೆ. ಆಂಪ್ಲಿಫೈಯರಿನಿಂದ ಬರುವ ವಿದ್ಯುತ್ಪ್ರವಾಹವು ಸುರುಳಿಯನ್ನು ಹಿಂದಕ್ಕೂ ಮುಂದಕ್ಕೂ ನೂಕುತ್ತದೆ. ಶಂಕುವು ಗಾಳಿಯನ್ನು ಅಲುಗಿಸುತ್ತದೆ. ನಮಗೆ ಸಂಗೀತ ಕೇಳಿಸುತ್ತದೆ. ಈ ಪ್ರವಾಹವನ್ನು ಹೊತ್ತು ತರುವುದಷ್ಟೇ ತಂತಿಯ ಕೆಲಸ.

ಕುಣಿಗಲ್ಲಿನ ದೊಡ್ಡಕೆರೆಯಂತಹ ಕೆರೆಯಿಂದ ಗದ್ದೆಗೆ ನೀರು ಹರಿಯುವುದನ್ನು ವಾಚಕರು ನೋಡಿರಬಹುದು. ಕಾಲುವೆ ಕಿರಿದಾದಷ್ಟೂ ಉದ್ದವಾದಷ್ಟೂ ಹರಿವಿಗೆ ಅಡ್ಡಿ ಹೆಚ್ಚು. ತಂತಿಯೂ ಹಾಗೆಯೇ. ಅದರ ರೋಧವು ಉದ್ದಕ್ಕೆ ನೇರವಾದ ಅನುಪಾತದಲ್ಲಿಯೂ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ವಿಲೋಮವಾದ ಅನುಪಾತದಲ್ಲಿಯೂ ಇರುತ್ತದೆ. 1 ಚದರ ಮಿಲಿಮೀಟರು ಅಡ್ಡಕೊಯ್ತವುಳ್ಳ ತಾಮ್ರದ ತಂತಿಗೆ ಮೀಟರೊಂದಕ್ಕೆ ಸುಮಾರು 0.0172 ಓಮ್ ರೋಧವುಂಟು. ಪ್ರವಾಹವು ಹೋಗಲು ಒಂದು ಎಳೆ, ಮರಳಲು ಇನ್ನೊಂದು ಎಳೆ ಬೇಕಾದುದರಿಂದ, ಜೋಡಿ ತಂತಿಯ ಉದ್ದವನ್ನು ಲೆಕ್ಕದಲ್ಲಿ ಇಮ್ಮಡಿಯಾಗಿ ಹಿಡಿಯಬೇಕು.

ಜಾತ್ರೆಯ ತಂತಿ, ಮನೆಯ ತಂತಿ

ಇಲ್ಲಿ ಒಂದು ಸೋಜಿಗವಿದೆ. ಸಿದ್ಧಗಂಗೆಯ ಜಾತ್ರೆ, ಗುಬ್ಬಿಯ ಚನ್ನಬಸವೇಶ್ವರ ಜಾತ್ರೆ, ಕುಣಿಗಲ್ ತಾಲ್ಲೂಕಿನ ಯಡಿಯೂರಿನ ಸಿದ್ಧಲಿಂಗೇಶ್ವರ ಜಾತ್ರೆ, ಇಂತಹ ದೊಡ್ಡ ನೆರವಿಗಳಲ್ಲಿ ಕಂಬದಿಂದ ಕಂಬಕ್ಕೆ ತೆಳುವಾದ ತಂತಿಯನ್ನು ನೂರಾರು ಮೀಟರು ಎಳೆದು ಕೊಂಬಿನಾಕಾರದ ಧ್ವನಿವರ್ಧಕಗಳನ್ನು ಕೂಗಿಸಬಹುದು. ಮನೆಯಲ್ಲಿಯಾದರೋ ಹತ್ತು ಮೀಟರಿಗೇ ದಪ್ಪ ತಂತಿ ಬೇಕೆನ್ನುತ್ತಾರೆ. ಇದೇಕೆ ಹೀಗೆ?

ಬಯಲಿನಲ್ಲಿ ದೂರಕ್ಕೆ ಧ್ವನಿಯನ್ನು ಒಯ್ಯುವ ರೂಢಿಯ ಕ್ರಮಕ್ಕೆ '100 ವೋಲ್ಟಿನ ಲೈನು' ಎಂದು ಹೆಸರು. ಆಂಪ್ಲಿಫೈಯರಿನ ಬಳಿ ಒಂದು ಟ್ರಾನ್ಸ್‌ಫಾರ್ಮರು ವೋಲ್ಟೇಜನ್ನು ಏರಿಸುತ್ತದೆ; ಒಂದೊಂದು ಕೊಂಬಿನ ಬಳಿಯೂ ಇನ್ನೊಂದು ಅದನ್ನು ಇಳಿಸುತ್ತದೆ. ವೋಲ್ಟೇಜು ಹೆಚ್ಚಿದರೆ ಅಷ್ಟೇ ಶಕ್ತಿಗೆ ಸಾಲುವ ಪ್ರವಾಹ ಕಡಮೆ. ಪ್ರವಾಹ ಕಡಮೆಯಾದರೆ ತಂತಿಯಲ್ಲಿ ಪೋಲಾಗುವ ಶಕ್ತಿಯೂ ಕಡಮೆ. 100 ವೋಲ್ಟಿನ ಲೈನಿಗೆ 20 ವಾಟಿನ ಕೊಂಬು 500 ಓಮಿನ ಹೊರೆಯಾಗಿ ತೋರುತ್ತದೆ. 0.75 ಚದರ ಮಿಲಿಮೀಟರಿನ ಜೋಡಿ ತಂತಿಯನ್ನು 300 ಮೀಟರು ಎಳೆದರೆ ಅದರ ರೋಧ ಸುಮಾರು 14 ಓಮ್. ಐನೂರರ ಮುಂದೆ ಹದಿನಾಲ್ಕು ಏನೂ ಅಲ್ಲ. ನಷ್ಟ ಶೇಕಡ 3ಕ್ಕಿಂತಲೂ ಕಡಮೆ. ಅದೇ ತಂತಿಯ ತುದಿಗೆ 8 ಓಮಿನ ಮನೆಯ ಧ್ವನಿವರ್ಧಕವನ್ನು ನೇರವಾಗಿ ಕಟ್ಟಿದರೆ, ಬರುವ ಶಕ್ತಿಯ ಮೂರರಲ್ಲಿ ಎರಡು ಪಾಲಿಗೆ ಸಮೀಪವಾದಷ್ಟನ್ನು ತಂತಿಯೇ ನುಂಗಿಬಿಡುತ್ತದೆ.

ಈ ಉಪಾಯ ನಮ್ಮ ನಾಡಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಮುಟ್ಟಿಸಿದ್ದು ಇದೇ ತತ್ತ್ವದಿಂದ. ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ ಕಳುಹಿಸಲಾಯಿತು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ತಂತಿ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ತಂತಿಯೊಂದನ್ನೇ ನೋಡಿ ಹೇಳಲಾಗದು. ಅದರ ರೋಧವು ತುದಿಯಲ್ಲಿರುವ ಹೊರೆಗೆ ಎಷ್ಟನೆಯ ಪಾಲು ಎಂಬುದೇ ಮುಖ್ಯ.

ಲೆಕ್ಕ ಹಾಕೋಣ

ಅನುಭವಿಗಳು ಒಪ್ಪಿ ಬಳಸುವ ಸರಳ ಸೂತ್ರವೊಂದಿದೆ: ತಂತಿಯ ಒಟ್ಟು ರೋಧವು ಧ್ವನಿವರ್ಧಕದ ಓಮಿನ ಶೇಕಡ 5ನ್ನು ಮೀರಬಾರದು. ಧ್ವನಿವರ್ಧಕದ ಬೆನ್ನ ಮೇಲೆ 8 ಓಮ್, 6 ಓಮ್ ಅಥವಾ 4 ಓಮ್ ಎಂದು ಬರೆದಿರುತ್ತದೆ. 8 ಓಮಿನದಾದರೆ ತಂತಿಗೆ 0.4 ಓಮಿನವರೆಗೆ, 4 ಓಮಿನದಾದರೆ 0.2 ಓಮಿನವರೆಗೆ ಅವಕಾಶ. ಈ ಮಿತಿಯಲ್ಲಿ ತಾಮ್ರದ ಜೋಡಿ ತಂತಿಯನ್ನು ಎಷ್ಟು ದೂರ ಎಳೆಯಬಹುದೆಂಬುದನ್ನು ಕೆಳಗೆ ಕೊಟ್ಟಿದ್ದೇವೆ.

0.75 ಚದರ ಮಿ.ಮೀ.: 8 ಓಮಿಗೆ 8.5 ಮೀಟರು, 4 ಓಮಿಗೆ 4 ಮೀಟರು.
1.0 ಚದರ ಮಿ.ಮೀ.: 8 ಓಮಿಗೆ 11.5 ಮೀಟರು, 4 ಓಮಿಗೆ 5.5 ಮೀಟರು.
1.5 ಚದರ ಮಿ.ಮೀ.: 8 ಓಮಿಗೆ 17 ಮೀಟರು, 4 ಓಮಿಗೆ 8.5 ಮೀಟರು.
2.5 ಚದರ ಮಿ.ಮೀ.: 8 ಓಮಿಗೆ 29 ಮೀಟರು; 4 ಓಮಿಗೆ 14.5 ಮೀಟರು.

ದೂರವನ್ನು ಕಣ್ಣಂದಾಜಿನಿಂದ ಅಳೆಯಬಾರದು. ತೊಟ್ಟಿಮನೆಯಲ್ಲಿ ಎದುರುಬದುರಾಗಿ ನಾಲ್ಕು ಮೀಟರಿರುವ ಎರಡು ಮೂಲೆಗಳ ನಡುವೆ, ಗೋಡೆ ಹತ್ತಿ ಬಾಗಿಲ ಮೇಲೆ ಸುತ್ತಿ ಇಳಿಯುವ ತಂತಿ ಹನ್ನೆರಡು ಮೀಟರಾದೀತು. ತಂತಿ ಹೋಗುವ ದಾರಿಯಲ್ಲಿಯೇ ಒಂದು ದಾರವನ್ನು ಹಾಯಿಸಿ, ಆ ದಾರವನ್ನು ಅಳೆಯುವುದು ಉತ್ತಮ. ಹೊಸ ಮನೆಗಳಲ್ಲಿ ತಂತಿಯನ್ನು ಗೋಡೆಯೊಳಗಿನ ಕೊಳವೆಯಲ್ಲಿ ಹುದುಗಿಸುವುದಾದರೆ ಲೆಕ್ಕಕ್ಕಿಂತ ಒಂದು ಅಳತೆ ದಪ್ಪನಾದುದನ್ನೇ ಹಾಕಬೇಕು. ಮುಂದೆ ಬದಲಾಯಿಸುವುದು ಸುಲಭವಲ್ಲ.

ಕಿವಿಗೆ ತಿಳಿಯುವುದೆಷ್ಟು?

ತಂತಿ ತೆಳುವಾದರೆ ಧ್ವನಿ ಸ್ವಲ್ಪ ಕುಗ್ಗುತ್ತದೆ. ಗುಂಡಿಯನ್ನು ಇನ್ನಷ್ಟು ತಿರುಗಿಸಿದರಾಯಿತು ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಸರಿ. ಆದರೆ ಬೆನ್ನ ಮೇಲೆ ಬರೆದ 8 ಓಮ್ ಎಂಬುದು ಹೆಸರಿಗೆ ಮಾತ್ರ. ನಿಜವಾಗಿ ಅದು ಸ್ವರದ ಕಂಪನಸಂಖ್ಯೆಯೊಡನೆ ಬದಲಾಗುತ್ತಿರುತ್ತದೆ. ಒಂದು ಸ್ವರದಲ್ಲಿ 6 ಓಮಿಗೆ ಇಳಿದರೆ ಇನ್ನೊಂದರಲ್ಲಿ 30 ಓಮಿಗೆ ಏರಬಹುದು. 0.5 ಚದರ ಮಿಲಿಮೀಟರಿನ ತಂತಿಯನ್ನು 10 ಮೀಟರು ಎಳೆದರೆ ಅದರ ರೋಧ ಸುಮಾರು 0.69 ಓಮ್. ಆಗ ಮೊದಲನೆಯ ಸ್ವರವು ತನ್ನ ವೋಲ್ಟೇಜಿನ ಶೇಕಡ 10ನ್ನು ಕಳೆದುಕೊಂಡರೆ ಎರಡನೆಯದು ಶೇಕಡ 2ನ್ನು ಮಾತ್ರ ಕಳೆದುಕೊಳ್ಳುತ್ತದೆ. ಹೀಗೆ ಸ್ವರಗಳ ಸಮತೋಲವೇ ಬದಲಾಗುತ್ತದೆ. ಇದನ್ನು ಗುಂಡಿ ತಿರುಗಿಸಿ ಸರಿಪಡಿಸಲಾಗದು. ವ್ಯತ್ಯಾಸ ಮುಕ್ಕಾಲು ಡೆಸಿಬೆಲ್ಲಿನಷ್ಟು. ಪಳಗಿದ ಕಿವಿಗೆ ತಿಳಿಯಬಹುದಾದುದು. 1.5 ಚದರ ಮಿಲಿಮೀಟರಿನ ತಂತಿಯಾದರೆ ಇದೇ ವ್ಯತ್ಯಾಸ ಕಾಲು ಡೆಸಿಬೆಲ್ಲಿಗೆ ಇಳಿದು, ಗಮನಕ್ಕೆ ಬರುವುದೇ ಕಷ್ಟ. ಅಲ್ಲಿಂದ ಮುಂದಕ್ಕೆ ಎಷ್ಟು ಹಣ ಸುರಿದರೂ ಕಿವಿಗೆ ದೊರೆಯುವ ಲಾಭ ಅತ್ಯಲ್ಪ.

ತಾಮ್ರವೋ, ತಾಮ್ರದ ಮುಸುಕೋ?

ಪೇಟೆಯಲ್ಲಿ ಎಚ್ಚರ ವಹಿಸಬೇಕಾದ ಸಂಗತಿ ಬೇರೆಯೇ ಇದೆ. ಒಳಗೆ ಅಲ್ಯೂಮಿನಿಯಮ್ ಇದ್ದು ಮೇಲೆ ಮಾತ್ರ ತಾಮ್ರದ ತೆಳುವಾದ ಪದರವಿರುವ ತಂತಿಗಳೂ ಬರುತ್ತವೆ. ಇವುಗಳ ರೋಧ ಶುದ್ಧ ತಾಮ್ರದ ಸುಮಾರು ಒಂದೂವರೆ ಪಟ್ಟು. ಹಾಗೆಂದು ತಿಳಿದು, ಒಂದು ಅಳತೆ ದಪ್ಪನಾದುದನ್ನು ಕೊಂಡರೆ ತಪ್ಪೇನೂ ಇಲ್ಲ, 1.5ರ ತಾಮ್ರದ ಕೆಲಸವನ್ನು 2.5ರ ಈ ತಂತಿ ಮಾಡಬಲ್ಲುದು. ಆದರೆ ತಾಮ್ರವೆಂದು ನಂಬಿ ತಾಮ್ರದ ಬೆಲೆ ತೆತ್ತರೆ ನಷ್ಟ.

ಪರೀಕ್ಷೆಯ ವಿಧಾನ ಆರ್ಕಿಮಿಡೀಸನ ಕಾಲದಷ್ಟು ಹಳೆಯದು. ತಾಮ್ರದ ಸಾಂದ್ರತೆ 8.9, ಅಲ್ಯೂಮಿನಿಯಮಿನದು 2.7. 1.5 ಚದರ ಮಿಲಿಮೀಟರಿನ 10 ಮೀಟರು ಜೋಡಿ ತಂತಿಯಲ್ಲಿ ಲೋಹದ ಗಾತ್ರ 30 ಘನ ಸೆಂಟಿಮೀಟರು. ಅದೆಲ್ಲವೂ ತಾಮ್ರವಾದರೆ ತೂಕ 267 ಗ್ರಾಂ. ಹೊದಿಕೆಯೂ ಸೇರಿ ಸುರುಳಿಯ ತೂಕ 250 ಗ್ರಾಮಿಗಿಂತ ಕಡಮೆಯಿದ್ದರೆ, ಒಳಗಿರುವುದು ಪೂರ್ಣ ತಾಮ್ರವಲ್ಲ, ಅಥವಾ ಹೇಳಿದ ದಪ್ಪ ಸುಳ್ಳು. ಎರಡನೆಯ ಪರೀಕ್ಷೆ: ಒಂದು ಎಳೆಯನ್ನು ಬ್ಲೇಡಿನಿಂದ ಹೆರೆದು ನೋಡಬೇಕು. ಕೆಂಪಿನ ಕೆಳಗೆ ಬೆಳ್ಳಿಯ ಬಣ್ಣ ಇಣುಕಿದರೆ ಗುಟ್ಟು ರಟ್ಟಾದಂತೆ.

ಕೆಲವು ಮೂಢನಂಬಿಕೆಗಳು

ಬೆಳ್ಳಿಯ ತಂತಿ ಶ್ರೇಷ್ಠವೆನ್ನುವರು. ಬೆಳ್ಳಿಯ ರೋಧ ತಾಮ್ರಕ್ಕಿಂತ ಶೇಕಡ 6ರಷ್ಟು ಮಾತ್ರ ಕಡಮೆ. ತಾಮ್ರದ ತಂತಿಯನ್ನು ಅಷ್ಟೇ ದಪ್ಪಗೊಳಿಸಿದರೆ ಅದೇ ಫಲ ದೊರೆಯುತ್ತದೆ. ಎರಡು ಧ್ವನಿವರ್ಧಕಗಳ ತಂತಿಗಳ ಉದ್ದ ಸಮವಾಗಿರದಿದ್ದರೆ ಸ್ವರಗಳು ಹಿಂದುಮುಂದಾಗಿ ತಲಪುವುವೆಂದು ಹೇಳುವವರೂ ಉಂಟು. ತಂತಿಯಲ್ಲಿ ಸಂಕೇತದ ವೇಗ ಸೆಕೆಂಡಿಗೆ ಸುಮಾರು 20 ಕೋಟಿ ಮೀಟರು. ಎರಡು ಮೀಟರಿನ ವ್ಯತ್ಯಾಸದಿಂದ ಆಗುವ ವಿಳಂಬ ಸೆಕೆಂಡಿನ ಹತ್ತು ಕೋಟಿಯಲ್ಲಿ ಒಂದು ಪಾಲು. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ. ಕೇಳುವವನು ತಲೆಯನ್ನು ಒಂದು ಸೆಂಟಿಮೀಟರು ಸರಿಸಿದರೆ ಆಗುವ ವ್ಯತ್ಯಾಸ ಅದರ ಮೂರು ಸಾವಿರ ಪಟ್ಟಿಗೆ ಹತ್ತಿರ!

ಜೋಡಣೆಯಲ್ಲಿ ಎಚ್ಚರ

ಬೆಲೆಯುಳ್ಳ ತಂತಿಗಿಂತ ಸರಿಯಾದ ಜೋಡಣೆ ಮುಖ್ಯ. ಆಂಪ್ಲಿಫೈಯರನ್ನು ನಿಲ್ಲಿಸಿದ ಮೇಲೆಯೇ ಕೆಲಸಕ್ಕೆ ಕೈ ಹಾಕಬೇಕು. ತುದಿಯ ಎಳೆಗಳನ್ನು ಬಿಗಿಯಾಗಿ ಹೊಸೆಯಬೇಕು. ಒಂದೇ ಒಂದು ಎಳೆ ಹೊರಚಾಚಿ ಪಕ್ಕದ ತಿರುಪಿಗೆ ತಗುಲಿದರೆ ಆಂಪ್ಲಿಫೈಯರು ಸುಟ್ಟುಹೋಗಬಹುದು. ಈ ತಂತಿಯನ್ನು 230 ವೋಲ್ಟಿನ ಮನೆಯ ತಂತಿಗಳಿರುವ ಕೊಳವೆಯಲ್ಲಿ ತೂರಿಸಬಾರದು. ಗೋಡೆಯ ಸಾಕೆಟ್ಟಿಗೆ ಸಿಕ್ಕುವಂತಹ ಪ್ಲಗ್ಗನ್ನು ಇದರ ತುದಿಗೆ ಎಂದೂ ಹಾಕಬಾರದು. ಮನೆಯ ಮಗುವೊಂದು ಅದನ್ನು ಸಾಕೆಟ್ಟಿಗೆ ಚುಚ್ಚಿದರೆ ಅನಾಹುತವಾಗುತ್ತದೆ.

ಧನ ಋಣಗಳು ಎರಡು ಕಡೆಯಲ್ಲಿಯೂ ಒಂದೇ ಕ್ರಮದಲ್ಲಿರಬೇಕು. ಒಂದು ಧ್ವನಿವರ್ಧಕದಲ್ಲಿ ಇವು ಅದಲುಬದಲಾದರೆ, ಒಂದರ ಶಂಕು ಮುಂದೆ ಬರುವಾಗ ಇನ್ನೊಂದರದು ಹಿಂದೆ ಸರಿದು, ಮಂದ್ರ ಸ್ವರಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಸಂಶಯವಿದ್ದರೆ ತಂತಿಯನ್ನು ಆಂಪ್ಲಿಫೈಯರಿನಿಂದ ಬಿಡಿಸಿ, 1.5 ವೋಲ್ಟಿನ ಟಾರ್ಚು ಸೆಲ್ಲನ್ನು ಕ್ಷಣಕಾಲ ಮುಟ್ಟಿಸಿ ನೋಡಬಹುದು. ಸೆಲ್ಲಿನ ಧನಾಗ್ರವು ಧ್ವನಿವರ್ಧಕದ ಕೆಂಪು ತಿರುಪಿಗೆ ಸೇರಿದಾಗ ಶಂಕು ಹೊರಕ್ಕೆ ಜಿಗಿಯುತ್ತದೆ.

ನೀವೇ ಮಾಡಿ ನೋಡಿ

ಇಲ್ಲಿ ಹೇಳಿದುದನ್ನು ವಿದ್ಯಾರ್ಥಿಗಳು ನಂಬಬೇಕಾಗಿಲ್ಲ, ಪರೀಕ್ಷಿಸಬಹುದು. 2.5 ವೋಲ್ಟು, 0.3 ಆಂಪಿಯರ್ ಎಂದು ಬರೆದಿರುವ ಹಳೆಯ ಬಗೆಯ ಟಾರ್ಚು ಬಲ್ಬು ಉರಿಯುವಾಗ ಅದರ ರೋಧ ಸುಮಾರು 8 ಓಮ್. ಧ್ವನಿವರ್ಧಕಕ್ಕೆ ಒಳ್ಳೆಯ ಪ್ರತಿನಿಧಿ. ಎರಡು ಸೆಲ್ಲುಗಳಿಂದ ಅದನ್ನು ಮೊದಲು ಗೇಣುದ್ದದ ದಪ್ಪ ತಂತಿಯ ಮೂಲಕ ಉರಿಸಿ. ಬಳಿಕ 0.2 ಚದರ ಮಿಲಿಮೀಟರಿನ ಜೋಡಿ ತಂತಿಯ 10 ಮೀಟರಿನ ಮೂಲಕ ಉರಿಸಿ. ಆ ತಂತಿಯ ರೋಧ 1.7 ಓಮ್, ವೋಲ್ಟೇಜಿನ ಆರನೆಯ ಒಂದು ಪಾಲು ದಾರಿಯಲ್ಲಿಯೇ ಕಳೆದುಹೋಗುತ್ತದೆ. ಬಲ್ಬು ಮಂಕಾಗುವುದು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಕೊನೆಗೆ 1.5 ಚದರ ಮಿಲಿಮೀಟರಿನ ತಂತಿಯನ್ನು ಅಷ್ಟೇ ಉದ್ದಕ್ಕೆ ಜೋಡಿಸಿ. ಗೇಣುದ್ದದ ತಂತಿಗೂ ಇದಕ್ಕೂ ಇರುವ ಅಂತರವನ್ನು ಗುರುತಿಸಬೇಕಾದರೆ ಎರಡು ಬಲ್ಬುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕಾದೀತು.

ಸಾಮಾನ್ಯ ಮನೆಯೊಂದರ ನಡುಮನೆಗೆ, 8 ಓಮಿನ ಧ್ವನಿವರ್ಧಕಕ್ಕೆ, 1.5 ಚದರ ಮಿಲಿಮೀಟರಿನ ಅಪ್ಪಟ ತಾಮ್ರದ ಜೋಡಿ ತಂತಿ ಸಾಕು. 4 ಓಮಿನದಾಗಿ ದಾರಿ 8.5 ಮೀಟರನ್ನು ಮೀರಿದರೆ 2.5ರದು ಬೇಕು. ಇದಕ್ಕೂ ಮೇಲೆ ಹಣ ಉಳಿದಿದ್ದರೆ ಅದನ್ನು ತಂತಿಗೆ ಸುರಿಯದೆ ಒಳ್ಳೆಯ ಧ್ವನಿವರ್ಧಕಕ್ಕೆ ವಿನಿಯೋಗಿಸುವುದು ಜಾಣತನ. ಅಲ್ಲಿ ಕೊಟ್ಟ ಹಣ ಕಿವಿಗೆ ಕೇಳಿಸುತ್ತದೆ.