ಮಣ್ಣಿಲ್ಲದ ಬೆಳೆ, ಸಾವಯವದ ಮುದ್ರೆ
ಅಮೆರಿಕದ ಅಂಗಡಿಯಲ್ಲಿ ಸಾವಯವವೆಂಬ ಮುದ್ರೆಯನ್ನು ನಂಬಿ ಟೊಮೇಟೊ ಕೊಳ್ಳುವ ಗ್ರಾಹಕನು, ಅದರ ಬೇರು ಮಣ್ಣನ್ನೇ ಕಾಣದೆ ಪೋಷಕದ್ರವದಲ್ಲಿ ಬೆಳೆದಿರಬಹುದೆಂಬುದನ್ನು ಆ ಮುದ್ರೆಯಿಂದ ಅರಿಯಲಾರನು. ಏಕೆಂದರೆ ಹೀಗೆ ಮಣ್ಣಿಲ್ಲದೆ ಬೆಳೆಯುವ ಜಲಕೃಷಿಯನ್ನು ಸಾವಯವ ಪ್ರಮಾಣೀಕರಣದಿಂದ ಹೊರಗಿಡಬೇಕೆಂಬ ಸೂಚನೆಯು 2017ರಲ್ಲಿ ಅಲ್ಲಿನ ರಾಷ್ಟ್ರೀಯ ಸಾವಯವ ಮಾನದಂಡ ಮಂಡಳಿಯಲ್ಲಿ 7ಕ್ಕೆದುರಾಗಿ 8 ಮತಗಳಿಂದ ತಿರಸ್ಕೃತವಾಯಿತು. ಯೂರೋಪಿನ ಒಕ್ಕೂಟವಾದರೋ, ಕೆಲವು ವಿನಾಯಿತಿಗಳ ಹೊರತು, ಸಾವಯವ ಬೆಳೆಯು ಜೀವಂತ ಮಣ್ಣಿನಲ್ಲೇ ಬೇರೂರಬೇಕೆಂದು ವಿಧಿಸಿದೆ.

ಇಂತಹ ಸಾವಯವ ಜಲಕೃಷಿಯಲ್ಲಿ ಬಳಸುವ ಮೀನಿನ ಸಾರದಂತಹ ಗೊಬ್ಬರದಲ್ಲಡಗಿದ ಸಾರಜನಕವನ್ನು ಸೂಕ್ಷ್ಮಜೀವಿಗಳು ಮೊದಲು ಅಮೋನಿಯವಾಗಿಯೂ ತರುವಾಯ ನೈಟ್ರೇಟಾಗಿಯೂ ಮಾರ್ಪಡಿಸಿದ ಮೇಲಲ್ಲವೆ ಗಿಡವು ಅದನ್ನು ಬಹುಮಟ್ಟಿಗೆ ಹೀರುವುದು? ನೀರಿನಲ್ಲಿ ಈ ಜೀವಿಗಳನ್ನು ಸಾಕುವುದು ನಿಜಕ್ಕೂ ಶ್ಲಾಘ್ಯವಾದ ಕೌಶಲ. ಕೃತಕ ರಸಗೊಬ್ಬರ ಬೇಡವೆಂಬವರು ಇದನ್ನು ಮೆಚ್ಚಿಯಾರು. ಆದರೆ ಭೂಮಿಯ ಫಲವತ್ತತೆಗಾಗಿಯೇ ಹೆಚ್ಚಿನ ಬೆಲೆ ತೆರುವವರ ಸಲುವಾಗಿ, ಬೆಳೆದ ರೀತಿಯನ್ನು ಮುದ್ರೆಯ ಪಕ್ಕದಲ್ಲೇ ಸ್ಪಷ್ಟವಾಗಿ ಬರೆಯತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.