ಸ್ವೋರ್ಡ್ (ಠೇವಣಿ ಪ್ರೋಟೋಕಾಲ್)

ಸ್ವೋರ್ಡ್ ಎಂಬುದು ಸಂಶೋಧನ ಲೇಖನ, ಮಹಾಪ್ರಬಂಧ, ದತ್ತಾಂಶ ಮುಂತಾದ ಸಾಮಗ್ರಿಯನ್ನು ಒಂದು ತಂತ್ರಾಂಶದಿಂದ ಡಿಜಿಟಲ್ ಭಂಡಾರವೊಂದಕ್ಕೆ ಅಂತರಜಾಲದ ಮೂಲಕ ಒಪ್ಪಿಸಲು ರೂಪಿಸಲಾದ ಪ್ರಮಾಣಿತ ಪ್ರೋಟೋಕಾಲ್. ಹೀಗೆ ಒಪ್ಪಿಸುವ ಕ್ರಿಯೆಗೆ ಗ್ರಂಥಾಲಯ ವಿಜ್ಞಾನದಲ್ಲಿ 'ಠೇವಣಿ' ಎಂಬ ಮಾತು ಬಳಕೆಯಲ್ಲಿದೆ. ಸಿಂಪಲ್ ವೆಬ್-ಸರ್ವೀಸ್ ಆಫರಿಂಗ್ ರೆಪಾಸಿಟರಿ ಡಿಪಾಸಿಟ್ ಎಂಬ ಪದಗಳ ಮೊದಲಕ್ಷರಗಳಿಂದ 'ಸ್ವೋರ್ಡ್' ಎಂಬ ಹೆಸರು ಉಂಟಾಗಿದೆ. ಖಡ್ಗಕ್ಕೂ ಇದಕ್ಕೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ. 2007ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಯೋಜನೆಯೊಂದರ ಫಲವಾದ ಈ ಪ್ರೋಟೋಕಾಲನ್ನು ಡಿಸ್ಪೇಸ್, ಇಪ್ರಿಂಟ್ಸ್ ಮೊದಲಾದ ಪ್ರಮುಖ ಭಂಡಾರ ತಂತ್ರಾಂಶಗಳು ಅಳವಡಿಸಿಕೊಂಡಿವೆ.

ಹಿನ್ನೆಲೆ

ವಿಶ್ವವಿದ್ಯಾಲಯವೊಂದರ ಅಧ್ಯಾಪಕರ ಬರಹಗಳನ್ನು ಒಂದೆಡೆ ಕಾಪಾಡಿ ಎಲ್ಲರಿಗೂ ಉಚಿತವಾಗಿ ಓದಲು ಒದಗಿಸುವ ವ್ಯವಸ್ಥೆಯನ್ನು ಸಾಂಸ್ಥಿಕ ಭಂಡಾರ ಎನ್ನುತ್ತಾರೆ. ಒಂದು ಶಾಸ್ತ್ರಕ್ಕೆ ಸೇರಿದ ಬರಹಗಳನ್ನು ಸಂಗ್ರಹಿಸುವುದು ವಿಷಯ ಭಂಡಾರ. ಭೌತವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಆರಂಭಿಸಿದ ಆರ್‌ಕೈವ್ ಇದರ ಪ್ರಸಿದ್ಧ ನಿದರ್ಶನ. 2000ದ ನಂತರ ಇಪ್ರಿಂಟ್ಸ್ ಹಾಗೂ ಡಿಸ್ಪೇಸ್ ಎಂಬ ಮುಕ್ತ ತಂತ್ರಾಂಶಗಳು ದೊರೆತ ಮೇಲೆ ಸಾಂಸ್ಥಿಕ ಭಂಡಾರಗಳ ಸಂಖ್ಯೆ ವೇಗವಾಗಿ ಬೆಳೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2002ರಲ್ಲಿ ಇಪ್ರಿಂಟ್ಸ್ ತಂತ್ರಾಂಶವನ್ನು ಬಳಸಿ ತನ್ನ ಭಂಡಾರವನ್ನು ಸ್ಥಾಪಿಸಿತು. ಭಾರತದ ಮೊದಲ ಸಾಂಸ್ಥಿಕ ಭಂಡಾರಗಳಲ್ಲಿ ಅದೂ ಒಂದು.

ಭಂಡಾರಗಳನ್ನು ಕಟ್ಟಿದಷ್ಟು ಸುಲಭವಾಗಿ ಅವನ್ನು ತುಂಬಲಾಗಲಿಲ್ಲ. ಸಂಶೋಧಕನೊಬ್ಬ ತನ್ನ ಒಂದೇ ಲೇಖನವನ್ನು ವಿಶ್ವವಿದ್ಯಾಲಯದ ಭಂಡಾರಕ್ಕೂ ವಿಷಯ ಭಂಡಾರಕ್ಕೂ ಅನುದಾನ ನೀಡಿದ ಸಂಸ್ಥೆಯ ಭಂಡಾರಕ್ಕೂ ಸಲ್ಲಿಸಬೇಕಾಗಬಹುದು. ಪ್ರತಿಯೊಂದು ಕಡೆಯೂ ಬೇರೆ ಬೇರೆ ಪುಟ, ಬೇರೆ ಬೇರೆ ಪ್ರವೇಶಪದ. ಶೀರ್ಷಿಕೆ, ಲೇಖಕರ ಹೆಸರುಗಳು, ಸಾರಾಂಶ, ಪತ್ರಿಕೆಯ ಸಂಪುಟ ಸಂಖ್ಯೆ ಇವನ್ನೆಲ್ಲ ಮತ್ತೆ ಮತ್ತೆ ಬೆರಳಚ್ಚಿಸಬೇಕು. ಈ ಬೇಸರದಿಂದಲೇ ಎಷ್ಟೋ ಬರಹಗಳು ಲೇಖಕರ ಕಂಪ್ಯೂಟರುಗಳಲ್ಲಿಯೇ ಉಳಿದುಬಿಡುತ್ತವೆ. ಆ ಯಂತ್ರ ಕೆಟ್ಟರೆ ಬರಹವೂ ಹೋದಂತೆಯೇ ಸರಿ.

ಭಂಡಾರದಲ್ಲಿರುವ ಕೃತಿಗಳ ವಿವರಗಳನ್ನು ಹೊರಗಿನ ಹುಡುಕುತಾಣಗಳು ಪಡೆದುಕೊಳ್ಳಲು ಒಎಐ-ಪಿಎಂಎಚ್ ಎಂಬ ಪ್ರೋಟೋಕಾಲ್ 2001ರಿಂದಲೇ ಇತ್ತು. ಒಳಗೆ ಸೇರಿಸುವುದಕ್ಕೆ ಮಾತ್ರ ಅಂಥ ಸರ್ವಸಮ್ಮತ ವಿಧಾನವಿರಲಿಲ್ಲ. ಕಣಜದಿಂದ ಕಾಳು ತೆಗೆಯುವ ಕಂಡಿಯನ್ನು ಅಳತೆಗೆ ಸರಿಯಾಗಿ ಕೊರೆದು, ತುಂಬುವ ಬಾಯಿಯನ್ನು ಮನೆಮನೆಗೊಂದು ರೀತಿ ಮಾಡಿಕೊಂಡಂತಿತ್ತು ಆ ಸ್ಥಿತಿ.

ಈ ಕೊರತೆಯನ್ನು ನೀಗಲು ಬ್ರಿಟನ್ನಿನ ಜಿಸ್ಕ್ ಸಂಸ್ಥೆಯ ಅನುದಾನದಿಂದ ಸ್ವೋರ್ಡ್ ಯೋಜನೆ ಆರಂಭವಾಯಿತು. ಬಾತ್ ವಿಶ್ವವಿದ್ಯಾಲಯದಲ್ಲಿದ್ದ ಯುಕೋಲ್ನ್ ಕೇಂದ್ರವು ಅದರ ನೇತೃತ್ವ ವಹಿಸಿತು. ಯೋಜನೆಯವರು ಹೊಸದೊಂದನ್ನು ಮೊದಲಿನಿಂದ ಕಟ್ಟದೆ, ವೆಬ್‌ಡಾವ್ ಸೇರಿದಂತೆ ಆಗ ಲಭ್ಯವಿದ್ದ ಹಲವು ವಿಧಾನಗಳನ್ನು ಪರಿಶೀಲಿಸಿ ಆಟಂ ಪಬ್ಲಿಷಿಂಗ್ ಪ್ರೋಟೋಕಾಲನ್ನು ಆಯ್ದುಕೊಂಡರು. ಬ್ಲಾಗುಗಳಿಗೆ ಬರಹ ಸೇರಿಸುವಂಥ ಕೆಲಸಗಳಿಗಾಗಿ ಹುಟ್ಟಿದ ಆ ಪ್ರೋಟೋಕಾಲ್ 2007ರ ಅಕ್ಟೋಬರಿನಲ್ಲಿ ಆರ್‌ಎಫ್‌ಸಿ 5023 ಎಂಬ ಸಂಖ್ಯೆಯಡಿ ಅಂತಿಮ ರೂಪ ಪಡೆಯಿತು. ಸ್ವೋರ್ಡ್ ಅದರ ಮೇಲೆ ಭಂಡಾರಗಳಿಗೆ ಬೇಕಾದ ಕೆಲವು ನಿಯಮಗಳನ್ನು ಮಾತ್ರ ಸೇರಿಸಿತು. ಇದು ವಿವೇಕದ ನಿರ್ಧಾರವೆಂದೇ ಹೇಳಬೇಕು; ತಂತ್ರಾಂಶ ಬರೆಯುವವರಿಗೆ ಕಲಿಯಬೇಕಾದ ಹೊಸ ಅಂಶಗಳು ಕಡಿಮೆಯಾದವು.

ಕಾರ್ಯವಿಧಾನ

ಸ್ವೋರ್ಡ್‌ನ ನಡಾವಳಿಯನ್ನು ಬ್ಯಾಂಕಿನಲ್ಲಿ ಹಣ ಕಟ್ಟುವ ಕ್ರಮಕ್ಕೆ ಹೋಲಿಸಬಹುದು. ಯಾವ ಕೌಂಟರಿನಲ್ಲಿ ಏನನ್ನು ತೆಗೆದುಕೊಳ್ಳುತ್ತಾರೆಂದು ಮೊದಲು ವಿಚಾರಿಸಬೇಕು. ಅನಂತರ ಚಲನ್ ಸಹಿತ ಹಣ ಕೊಡಬೇಕು. ಕೊನೆಗೆ ಮುದ್ರೆ ಒತ್ತಿದ ರಶೀದಿಯನ್ನು ಪಡೆಯಬೇಕು. ಸ್ವೋರ್ಡ್‌ನ ಮೊದಲ ಎರಡು ಆವೃತ್ತಿಗಳಲ್ಲಿ ಈ ಮೂರು ಹೆಜ್ಜೆಗಳು ಮುಂದೆ ಹೇಳಿದಂತೆ ನಡೆಯುತ್ತವೆ.

ಸಾಮಗ್ರಿಯನ್ನು ಕಳುಹಿಸುವ ತಂತ್ರಾಂಶಕ್ಕೆ ಕ್ಲೈಂಟ್ ಎಂದೂ ಸ್ವೀಕರಿಸುವ ಭಂಡಾರಕ್ಕೆ ಸರ್ವರ್ ಎಂದೂ ಹೆಸರು. ಕ್ಲೈಂಟ್ ಮೊದಲಿಗೆ ಸರ್ವರಿನಿಂದ 'ಸೇವಾ ದಾಖಲೆ'ಯನ್ನು ಕೇಳಿ ಪಡೆಯುತ್ತದೆ. ಎಕ್ಸ್‌ಎಂಎಲ್ ರೂಪದ ಈ ದಾಖಲೆಯಲ್ಲಿ, ಆ ಬಳಕೆದಾರನು ಠೇವಣಿ ಇಡಬಹುದಾದ ಸಂಗ್ರಹಗಳ ಪಟ್ಟಿ ಇರುತ್ತದೆ. ಪ್ರತಿಯೊಂದು ಸಂಗ್ರಹವು ಎಂಥ ಕಡತಗಳನ್ನು ಒಪ್ಪುತ್ತದೆ, ಅದರ ನೀತಿಯೇನು, ಇನ್ನೊಬ್ಬರ ಪರವಾಗಿ ಠೇವಣಿ ಇಡಲು ಅವಕಾಶವಿದೆಯೇ ಎಂಬುದನ್ನೂ ಅದರಲ್ಲಿ ಹೇಳಬಹುದು. ಕಡತದ ಗರಿಷ್ಠ ಗಾತ್ರವನ್ನು ಕಿಲೋಬೈಟುಗಳಲ್ಲಿ ಸೂಚಿಸುವ ಅವಕಾಶವೂ ಇದೆ. ಬಂದ ಸಾಮಗ್ರಿಯನ್ನು ಭಂಡಾರವು ಮುಂದೆ ಏನು ಮಾಡುತ್ತದೆ ಎಂಬುದನ್ನು ಮನುಷ್ಯರು ಓದಿ ತಿಳಿಯುವಂತೆ ಬರೆಯಲು ಪ್ರತ್ಯೇಕ ಸ್ಥಾನವನ್ನು ಕಲ್ಪಿಸಲಾಗಿದೆ.

ಎರಡನೆಯ ಹೆಜ್ಜೆಯಲ್ಲಿ ಕ್ಲೈಂಟ್ ತನ್ನ ಪ್ಯಾಕೇಜನ್ನು ಎಚ್‌ಟಿಟಿಪಿಯ 'ಪೋಸ್ಟ್' ವಿಧಾನದಿಂದ ಸಂಗ್ರಹದ ವಿಳಾಸಕ್ಕೆ ಕಳುಹಿಸುತ್ತದೆ. ಕಡತದ ಜೊತೆಯಲ್ಲಿ ಎಂಡಿ5 ಪದ್ಧತಿಯಿಂದ ಲೆಕ್ಕ ಹಾಕಿದ, 32 ಅಂಕಾಕ್ಷರಗಳ ತಾಳೆಸಂಖ್ಯೆಯೊಂದನ್ನು ಸೇರಿಸಬಹುದು. ಸರ್ವರ್ ತನಗೆ ತಲುಪಿದ ಕಡತಕ್ಕೂ ಅದೇ ಲೆಕ್ಕ ಮಾಡುತ್ತದೆ. ದಾರಿಯಲ್ಲಿ ಒಂದು ಬೈಟ್ ವ್ಯತ್ಯಾಸವಾಗಿದ್ದರೂ ಎರಡು ಸಂಖ್ಯೆಗಳು ತಾಳೆಯಾಗುವುದಿಲ್ಲ, ಠೇವಣಿ ತಿರಸ್ಕೃತವಾಗುತ್ತದೆ.

ಮೂರನೆಯದು ರಶೀದಿ. ಠೇವಣಿ ಸಂದಾಯವಾದರೆ ಸರ್ವರ್ ಆಟಂ ನಮೂನೆಯ ದಾಖಲೆಯೊಂದನ್ನು ಹಿಂದಿರುಗಿಸುತ್ತದೆ. ಹೊಸದಾಗಿ ಸೃಷ್ಟಿಯಾದ ದಾಖಲೆಯ ವಿಳಾಸ ಅದರಲ್ಲಿರುತ್ತದೆ. ಇದರೊಂದಿಗೆ ಬರುವ ಸ್ಥಿತಿಸಂಖ್ಯೆಯನ್ನು ವಿದ್ಯಾರ್ಥಿಗಳು ಗಮನಿಸಿ ಓದಬೇಕು. 201 ಎಂದರೆ ಭಂಡಾರದಲ್ಲಿ ದಾಖಲೆ ಸೃಷ್ಟಿಯಾಗಿದೆ. 202 ಎಂದರೆ ಸಾಮಗ್ರಿಯನ್ನು ತೆಗೆದುಕೊಳ್ಳಲಾಗಿದೆ, ಆದರೆ ಅದರ ಸಂಸ್ಕರಣೆ ಇನ್ನೂ ಮುಗಿದಿಲ್ಲ. 412 ತಾಳೆಸಂಖ್ಯೆ ಹೊಂದದಿರುವುದನ್ನೂ, 413 ಗಾತ್ರ ಮಿತಿಮೀರಿರುವುದನ್ನೂ, 415 ಆ ಬಗೆಯ ಕಡತವನ್ನು ಭಂಡಾರ ಒಪ್ಪುವುದಿಲ್ಲವೆಂಬುದನ್ನೂ ಸೂಚಿಸುತ್ತವೆ.

201 ಬಂದಮಾತ್ರಕ್ಕೆ ಕೃತಿ ಓದುಗರಿಗೆ ಕಾಣಿಸುತ್ತದೆಂದು ಭಾವಿಸಬಾರದು. ಠೇವಣಿಯೇ ಬೇರೆ, ಪ್ರಕಟಣೆಯೇ ಬೇರೆ. ಬಹುತೇಕ ಭಂಡಾರಗಳಲ್ಲಿ ಗ್ರಂಥಪಾಲಕರು ವಿವರಗಳನ್ನೂ ಹಕ್ಕುಸ್ವಾಮ್ಯವನ್ನೂ ಪರಿಶೀಲಿಸಿದ ಮೇಲೆಯೇ ಕೃತಿಯನ್ನು ಸಾರ್ವಜನಿಕಗೊಳಿಸುತ್ತಾರೆ. ರಶೀದಿ ಕೈಗೆ ಬಂತೆಂದು ಲೇಖಕನು ನಿಶ್ಚಿಂತನಾಗಿರುವಾಗ ಕೃತಿಯು ಪರಿಶೀಲನೆಯ ಸರದಿಯಲ್ಲಿಯೇ ಉಳಿದಿರಲು ಸಾಧ್ಯವಿದೆ.

ಇದಕ್ಕೆ ವಿರುದ್ಧವಾದ ತೊಡಕೂ ಉಂಟು. ಪ್ಯಾಕೇಜ್ ಭಂಡಾರವನ್ನು ತಲುಪಿ, ರಶೀದಿ ಹಿಂದಿರುಗುವ ಮೊದಲೇ ಸಂಪರ್ಕ ಕಡಿದುಹೋದರೆ, ಕ್ಲೈಂಟ್ ತನ್ನ ಪ್ರಯತ್ನ ವಿಫಲವಾಯಿತೆಂದು ಬಗೆದು ಮತ್ತೆ ಕಳುಹಿಸಬಹುದು. 'ಪೋಸ್ಟ್' ವಿಧಾನದಲ್ಲಿ ಪ್ರತಿ ಕೋರಿಕೆಯೂ ಹೊಸ ದಾಖಲೆಯೊಂದನ್ನು ಸೃಷ್ಟಿಸಬಲ್ಲದಾದ್ದರಿಂದ, ಒಂದೇ ಪ್ರಬಂಧವು ಎರಡು ವಿಳಾಸಗಳಲ್ಲಿ ದಾಖಲಾಗುತ್ತದೆ. ಹೀಗಾಗದಂತೆ ನೋಡಿಕೊಳ್ಳುವ ಹೊಣೆ ತಂತ್ರಾಂಶ ರಚಿಸುವವರದು.

ಪರವಾಗಿ ಇಡುವ ಠೇವಣಿ

ಸ್ವೋರ್ಡ್ ಆಟಂ ಪ್ರೋಟೋಕಾಲಿಗೆ ಸೇರಿಸಿದ ಅಂಶಗಳಲ್ಲಿ ಅತ್ಯಂತ ಉಪಯುಕ್ತವಾದುದು ಇದೇ. ಪ್ರಾಧ್ಯಾಪಕರ ಬರಹವನ್ನು ಕಚೇರಿಯ ಸಹಾಯಕರು ಸಲ್ಲಿಸುವುದು, ಲೇಖಕನ ಪರವಾಗಿ ಪ್ರಕಾಶನ ಸಂಸ್ಥೆಯೇ ಕಳುಹಿಸುವುದು ವಾಡಿಕೆ. ಆಗ ಸಲ್ಲಿಸಿದವರು ಯಾರು, ಕೃತಿ ಯಾರದು ಎಂಬ ಎರಡು ಸಂಗತಿಗಳು ಪ್ರತ್ಯೇಕವಾಗಿ ದಾಖಲಾಗಬೇಕು. ಇದಕ್ಕಾಗಿ 'ಆನ್-ಬಿಹಾಫ್-ಆಫ್' ಎಂಬ ಶಿರೋಲೇಖದಲ್ಲಿ ಒಡೆಯನ ಹೆಸರನ್ನು ತಿಳಿಸಲಾಗುತ್ತದೆ. ಪ್ರವೇಶಪದವು ಸಲ್ಲಿಸುವವರದೇ ಆಗಿರುತ್ತದೆ. ಹೀಗಾಗಿ ಲೇಖಕನು ತನ್ನ ಗುಪ್ತಪದವನ್ನು ಇನ್ನೊಬ್ಬರಿಗೆ ಕೊಡಬೇಕಾದ ಅನಿವಾರ್ಯತೆ ತಪ್ಪುತ್ತದೆ. ಒಡೆಯನ ಹೆಸರು ಭಂಡಾರಕ್ಕೆ ಅಪರಿಚಿತವಾಗಿದ್ದರೆ, ಅಥವಾ ಇಂಥ ಠೇವಣಿಗೆ ಅನುಮತಿ ಇಲ್ಲದಿದ್ದರೆ, ಸರ್ವರ್ ಅದನ್ನು ತಿಳಿಸುವ ದೋಷಸಂದೇಶವನ್ನು ಕಳುಹಿಸುತ್ತದೆ.

ಮೊದಲ ಎರಡು ಆವೃತ್ತಿಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವ 'ಬೇಸಿಕ್' ದೃಢೀಕರಣದಲ್ಲಿ ಗುಪ್ತಪದಕ್ಕೆ ಗೂಢಲಿಪಿಯ ರಕ್ಷಣೆ ಇರುವುದಿಲ್ಲ. ಆದ್ದರಿಂದ ಸುರಕ್ಷಿತ ಎಚ್‌ಟಿಟಿಪಿಎಸ್ ಸಂಪರ್ಕದಲ್ಲಿ ಮಾತ್ರ ಅದನ್ನು ಬಳಸುವುದು ಕ್ಷೇಮ.

ಪ್ಯಾಕೇಜಿನ ಪ್ರಶ್ನೆ

ಪ್ಯಾಕೇಜಿನ ಒಳಗೆ ಏನಿರಬೇಕು ಎಂಬುದನ್ನು ಸ್ವೋರ್ಡ್ ಕಡ್ಡಾಯವಾಗಿ ಗೊತ್ತುಪಡಿಸುವುದಿಲ್ಲ. ಯಾವ ಕಟ್ಟುವಿಕೆಯ ಕ್ರಮವನ್ನು ಅನುಸರಿಸಲಾಗಿದೆ ಎಂಬುದನ್ನು ಒಂದು ಗುರುತುವಿಳಾಸದ ಮೂಲಕ ಹೇಳಿದರೆ ಸಾಕು. ಕಡತಗಳನ್ನು ಜಿಪ್ ಮಾಡಿ ಕಳುಹಿಸುವುದು ಸರಳ ಕ್ರಮ. ಮೆಟ್ಸ್ ಎಂಬ ಮಾನಕದ ಪ್ರಕಾರ ಶೀರ್ಷಿಕೆ, ಕರ್ತೃ ಮುಂತಾದ ವಿವರಗಳನ್ನು ಎಕ್ಸ್‌ಎಂಎಲ್ ಕಡತದಲ್ಲಿ ಬರೆದು ಜೊತೆಗಿಡುವುದು ಇನ್ನೊಂದು. ತಾಳೆಸಂಖ್ಯೆಗಳ ಪಟ್ಟಿಯನ್ನು ಒಳಗೊಂಡ ಬ್ಯಾಗ್‌ಇಟ್ ಎಂಬ ಕ್ರಮ 2018ರಲ್ಲಿ ಆರ್‌ಎಫ್‌ಸಿ 8493 ಆಗಿ ಪ್ರಕಟವಾಯಿತು.

ಸ್ವೋರ್ಡ್‌ನ ಶಕ್ತಿಯೂ ದೌರ್ಬಲ್ಯವೂ ಇಲ್ಲಿಯೇ ಇವೆ. ಪ್ಯಾಕೇಜಿನ ವಿಷಯದಲ್ಲಿ ತಟಸ್ಥವಾಗಿರುವುದರಿಂದ ಅದು ಲೇಖನಕ್ಕೂ ಚಿತ್ರಕ್ಕೂ ದತ್ತಾಂಶಕ್ಕೂ ಸಮಾನವಾಗಿ ಸಲ್ಲುತ್ತದೆ. ಆದರೆ ಅದೇ ಕಾರಣದಿಂದ, ಸ್ವೋರ್ಡ್ ಬಲ್ಲ ಕ್ಲೈಂಟ್ ಮತ್ತು ಸ್ವೋರ್ಡ್ ಬಲ್ಲ ಸರ್ವರ್ ಎರಡೂ ಇದ್ದರೂ ವ್ಯವಹಾರ ಸುಗಮವಾಗಿ ನಡೆಯುವುದೆಂಬ ಭರವಸೆಯಿಲ್ಲ. ಅಂಚೆಯವರು ಲಕೋಟೆಯನ್ನು ಸರಿಯಾದ ವಿಳಾಸಕ್ಕೆ ಮುಟ್ಟಿಸಬಲ್ಲರು. ಒಳಗಿನ ಕಾಗದದ ಭಾಷೆ ಪಡೆದವನಿಗೆ ತಿಳಿಯಬೇಕೆಂದಿಲ್ಲ. ಒಂದು ಭಂಡಾರಕ್ಕೆ ಸಿದ್ಧಪಡಿಸಿದ ಪ್ಯಾಕೇಜನ್ನು ಇನ್ನೊಂದು ಭಂಡಾರವು ಕೇವಲ ಜಿಪ್ ಕಡತವೆಂದು ಇಟ್ಟುಕೊಂಡು, ಶೀರ್ಷಿಕೆಯ ಸ್ಥಾನವನ್ನು ಖಾಲಿ ಬಿಟ್ಟರೆ, ಕೃತಿ ಸುರಕ್ಷಿತವಾಗಿದ್ದರೂ ಹುಡುಕುವವರಿಗೆ ಸಿಕ್ಕುವುದಿಲ್ಲ.

ಆವೃತ್ತಿಗಳು

ಮೊದಲ ಆವೃತ್ತಿಯ ಪರಿಷ್ಕೃತ ರೂಪವಾದ 1.3 2008ರಲ್ಲಿ ಬಂದಿತು. ಅದರ ಕಾರ್ಯಕ್ಷೇತ್ರ ಕಿರಿದು: ಪ್ಯಾಕೇಜನ್ನು ಒಮ್ಮೆ ಒಪ್ಪಿಸುವಲ್ಲಿಗೆ ಅದರ ಕೆಲಸ ಮುಗಿಯುತ್ತಿತ್ತು. ನಿಜವಾಗಿ ಠೇವಣಿ ಇಡದೆ ಪರೀಕ್ಷಿಸಿ ನೋಡುವ ಸೌಲಭ್ಯ ಅದರಲ್ಲಿತ್ತು ಎಂಬುದು ಗಮನಾರ್ಹ. ಆದರೆ ಸಲ್ಲಿಸಿದ ಬಳಿಕ ತಪ್ಪು ಕಂಡುಬಂದರೆ ತಿದ್ದಲು ಭಂಡಾರದ ಪುಟಕ್ಕೇ ಹೋಗಬೇಕಾಗಿತ್ತು.

ಎರಡನೆಯ ಆವೃತ್ತಿಯು ಈ ಕೊರತೆಯನ್ನು ತುಂಬಿತು. ಒಪ್ಪಿಸಿದ್ದನ್ನು ಹಿಂದಕ್ಕೆ ಪಡೆದು ನೋಡುವುದು, ಬದಲಾಯಿಸುವುದು, ಹೊಸ ಕಡತ ಸೇರಿಸುವುದು, ಅಳಿಸುವುದು ಇವೆಲ್ಲಕ್ಕೂ ಅವಕಾಶವಾಯಿತು. 'ಇನ್-ಪ್ರೋಗ್ರೆಸ್' ಎಂಬ ಶಿರೋಲೇಖದ ಮೂಲಕ, ಕೆಲಸ ಇನ್ನೂ ಮುಗಿದಿಲ್ಲವೆಂದು ತಿಳಿಸಿ ಕಂತುಕಂತಾಗಿ ಸಲ್ಲಿಸಬಹುದು. ಕೊನೆಯ ಕಂತಿನ ನಂತರ ಮುಕ್ತಾಯವನ್ನು ಸೂಚಿಸಲು ಕ್ಲೈಂಟ್ ಮರೆತರೆ, ಭಂಡಾರವು ಆ ಠೇವಣಿಯನ್ನು ಅಪೂರ್ಣವೆಂದೇ ಎಣಿಸುತ್ತದೆ. ಠೇವಣಿಯ ಸದ್ಯದ ಸ್ಥಿತಿ ಹಾಗೂ ಅದರಲ್ಲಿರುವ ಕಡತಗಳನ್ನು ತಿಳಿಸುವ 'ಸ್ಟೇಟ್‌ಮೆಂಟ್' ಎಂಬ ದಾಖಲೆಯೂ ಈ ಆವೃತ್ತಿಯಲ್ಲಿ ಸೇರಿತು. ಬ್ಯಾಂಕಿನ ಪಾಸ್‌ಪುಸ್ತಕದಂತೆ ಇದನ್ನು ಯಾವಾಗ ಬೇಕಾದರೂ ಕೇಳಿ ಪಡೆಯಬಹುದು.

ಮೂರನೆಯ ಆವೃತ್ತಿಯು ಆಟಂ ಬುನಾದಿಯನ್ನು ಬಿಟ್ಟು ಜೇಸನ್ ನಮೂನೆಯನ್ನು ಸ್ವೀಕರಿಸಿತು. ಭಾರಿ ಗಾತ್ರದ ಸಂಶೋಧನ ದತ್ತಾಂಶವನ್ನು ತುಂಡುಗಳಾಗಿ ಕಳುಹಿಸಲು, ಅಥವಾ ಕಡತದ ವಿಳಾಸವನ್ನಷ್ಟೇ ಕೊಟ್ಟು ಭಂಡಾರವೇ ಅದನ್ನು ತಂದುಕೊಳ್ಳುವಂತೆ ಮಾಡಲು ಇದರಲ್ಲಿ ವ್ಯವಸ್ಥೆಯಿದೆ.

ಬಳಕೆ

ಡಿಸ್ಪೇಸ್ ಹಾಗೂ ಇಪ್ರಿಂಟ್ಸ್ ಅಲ್ಲದೆ, ಸಂಶೋಧನ ದತ್ತಾಂಶಕ್ಕಾಗಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಡೇಟಾವರ್ಸ್ ತಂತ್ರಾಂಶವೂ ಸ್ವೋರ್ಡ್‌ನ ಎರಡನೆಯ ಆವೃತ್ತಿಯ ಮೂಲಕ ಠೇವಣಿ ಸ್ವೀಕರಿಸಬಲ್ಲದು. ವಿದ್ವತ್ ಪತ್ರಿಕೆಗಳನ್ನು ನಡೆಸಲು ಬಳಸುವ ಓಪನ್ ಜರ್ನಲ್ ಸಿಸ್ಟಮ್ಸ್ ತಂತ್ರಾಂಶಕ್ಕೆ ಸ್ವೋರ್ಡ್ ಪ್ಲಗಿನ್ ಇದೆ. ಆರ್‌ಕೈವ್ ಕೂಡ ಸ್ವೋರ್ಡ್ ಆಧಾರಿತ ಠೇವಣಿಗೆ ಅವಕಾಶ ಕಲ್ಪಿಸಿತ್ತು. ಎಲ್ಲರೂ ಇದನ್ನೇ ಅನುಸರಿಸುತ್ತಾರೆಂದಲ್ಲ. ಹಲವು ಭಂಡಾರಗಳು ತಮ್ಮದೇ ಆದ ಪ್ರತ್ಯೇಕ ಎಪಿಐಗಳನ್ನು ಒದಗಿಸುತ್ತವೆ. ಒಂದೇ ಭಂಡಾರದೊಂದಿಗೆ ವ್ಯವಹರಿಸುವವರಿಗೆ ಅದೇ ಅನುಕೂಲ. ಹಲವು ಭಂಡಾರಗಳಿಗೆ ಕಳುಹಿಸಬೇಕಾದವರಿಗೆ ಪ್ರಮಾಣಿತ ಪ್ರೋಟೋಕಾಲಿನ ಬೆಲೆ ತಿಳಿಯುತ್ತದೆ.

ಕನ್ನಡ ಸಾಮಗ್ರಿಯ ಠೇವಣಿ

ಸ್ವೋರ್ಡ್ ಯಾವ ಭಾಷೆಗೂ ಸೀಮಿತವಲ್ಲ. ಎಕ್ಸ್‌ಎಂಎಲ್ ಮತ್ತು ಜೇಸನ್ ಎರಡೂ ಯೂನಿಕೋಡನ್ನು ಬೆಂಬಲಿಸುವುದರಿಂದ ಶೀರ್ಷಿಕೆ, ಸಾರಾಂಶಗಳನ್ನು ಕನ್ನಡದಲ್ಲಿಯೇ ಕೊಡಬಹುದು. ತೊಂದರೆ ಬರುವುದು ಕಡತದ ಹೆಸರಿನಲ್ಲಿ. ಈ ಹೆಸರು ಎಚ್‌ಟಿಟಿಪಿ ಶಿರೋಲೇಖದಲ್ಲಿ ಸಾಗುತ್ತದೆ. ಅಲ್ಲಿ ಕನ್ನಡದ ಅಕ್ಷರಗಳನ್ನು ನೇರವಾಗಿ ಬರೆಯುವಂತಿಲ್ಲ, ಶೇಕಡಾ ಚಿಹ್ನೆಯ ಸಂಕೇತಗಳಾಗಿ ಪರಿವರ್ತಿಸಬೇಕು. 'ಕನ್ನಡ' ಎಂಬ ಪದದಲ್ಲಿ ಯೂನಿಕೋಡಿನ 5 ಸಂಕೇತಗಳಿವೆ. ಯುಟಿಎಫ್-8 ಕ್ರಮದಲ್ಲಿ ಅವು 15 ಬೈಟುಗಳು, ಶೇಕಡಾ ಸಂಕೇತಗಳಲ್ಲಿ 45 ಚಿಹ್ನೆಗಳು. ಈ ಪರಿವರ್ತನೆಯನ್ನು ಸರಿಯಾಗಿ ಮಾಡದ ಕ್ಲೈಂಟುಗಳು ಕಳುಹಿಸಿದ ಕಡತಗಳ ಹೆಸರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿಬಿಡಬಹುದು. ಜಿಪ್‌ನೊಳಗಿನ ಕಡತಗಳ ಹೆಸರುಗಳಿಗೂ, ಅವು ಯುಟಿಎಫ್-8ರಲ್ಲಿವೆ ಎಂದು ಗುರುತಿಸದಿದ್ದರೆ, ಇದೇ ಗತಿ. ಕಡತಕ್ಕೆ ರೋಮನ್ ಅಕ್ಷರಗಳ ಹೆಸರಿಟ್ಟು, ಕನ್ನಡ ಶೀರ್ಷಿಕೆಯನ್ನು ವಿವರಗಳಲ್ಲಿ ಕೊಡುವುದು ಸುಲಭ ಪರಿಹಾರ.

ಯೂನಿಕೋಡ್ ಪೂರ್ವದ ಹಳೆಯ ಕನ್ನಡ ಫಾಂಟುಗಳಲ್ಲಿ ಬೆರಳಚ್ಚಿಸಿದ ಸಾರಾಂಶವನ್ನು ಹಾಗೆಯೇ ನಕಲಿಸಿ ವಿವರಗಳಲ್ಲಿ ಸೇರಿಸಿದರೆ ಕಷ್ಟ ಇನ್ನೂ ಹೆಚ್ಚು. ಕಂಪ್ಯೂಟರಿನ ದೃಷ್ಟಿಯಲ್ಲಿ ಅದು ಕನ್ನಡವಲ್ಲ, ರೋಮನ್ ಅಕ್ಷರ ಮತ್ತು ಚಿಹ್ನೆಗಳ ಅರ್ಥವಿಲ್ಲದ ಸರಣಿ. ತಾಳೆಸಂಖ್ಯೆ ಸರಿಹೊಂದುತ್ತದೆ, ರಶೀದಿಯೂ 201 ಎನ್ನುತ್ತದೆ. ಆದರೆ ಆ ಪ್ರಬಂಧದ ವಿಷಯವನ್ನು ಕನ್ನಡದಲ್ಲಿ ಬರೆದು ಹುಡುಕಿದವರಿಗೆ ಅದು ದೊರೆಯುವುದಿಲ್ಲ. ಹಳೆಯ ಪಠ್ಯವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಾರೆ ನೋಡಿ ತಿದ್ದಿದ ಮೇಲೆಯೇ ಪ್ಯಾಕೇಜಿಗೆ ಸೇರಿಸಬೇಕಾಗುತ್ತದೆ.