ಹೊಸ ಮನೆ ಹೊಕ್ಕ ಮೀನುಗಳು

ಅಂತೂರ ಬೆಂತೂರದಲ್ಲಿರುವ ನನ್ನ ಮಿತ್ರರೊಬ್ಬರ ಮನೆಯಲ್ಲಿ ಐದು ಚಿನ್ನದ ಮೀನುಗಳು ಎಂಟು ತಿಂಗಳು ಸುಖವಾಗಿದ್ದವು. ಅವುಗಳ ವಾಸಸ್ಥಾನವೇನೂ ವೈಭವದ್ದಲ್ಲ. ಅಂಚು ಮುಕ್ಕಾದ ಹಳೆಯ ಗಾಜಿನ ತೊಟ್ಟಿ, ತಳದಲ್ಲಿ ಹಳ್ಳದ ಹರಳುಕಲ್ಲು, ಗಾಜಿಗೆಲ್ಲ ಹಸಿರು ಪಾಚಿ. ಇದನ್ನು ನೋಡಲಾರದೆ ಮಿತ್ರರು ಗದಗಿನ ಪೇಟೆಯಿಂದ ಇಮ್ಮಡಿ ದೊಡ್ಡದಾದ ಹೊಸ ತೊಟ್ಟಿಯೊಂದನ್ನು ಮಗನಿಗೆ ತಂದುಕೊಟ್ಟರು. ಏಳನೆಯ ಇಯತ್ತೆಯ ಆ ಹುಡುಗ ಹೊಸ ಉಸುಕನ್ನು ಏಳು ಸಲ ತೊಳೆದು ಹಾಸಿದ. ಹಳೆಯ ಕಲ್ಲುಗಳನ್ನು ಹಿತ್ತಲಿಗೆ ಚೆಲ್ಲಿದ. ಎಂದಿನಂತೆ ಕೊಳವೆ ಬಾವಿಯ ನೀರನ್ನೇ ತುಂಬಿ ಮೀನುಗಳನ್ನು ಬಿಟ್ಟ. ಸಡಗರದಲ್ಲಿ ಎರಡು ಹೊತ್ತಿನ ಬದಲು ನಾಲ್ಕು ಹೊತ್ತು ಕಾಳನ್ನೂ ಹಾಕಿದ.

ಐದನೆಯ ದಿನ ನಾನು ಅಲ್ಲಿಗೆ ಹೋದಾಗ ಮನೆಯಲ್ಲಿ ಸೂತಕದ ಕಳೆಯಿತ್ತು. ಒಂದು ಮೀನು ಬೆಳಗಿನಲ್ಲಿಯೇ ಸತ್ತಿತ್ತು. ಉಳಿದವು ಈಜುರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ನೀರಿನ ಮೇಲ್ಮೈಯಲ್ಲಿ ಬಾಯಿ ಬಿಡುತ್ತಿದ್ದವು. ಕಿವಿರುಗಳು ಕೆಂಪಗೆ ಉರಿದಂತಿದ್ದವು.

“ಕಾಕಾ, ನೀರು ಎಷ್ಟ ಸ್ವಚ್ಛ ಐತಿ ನೋಡ್ರಿ. ಮತ್ಯಾಕ ಹಿಂಗ ಮಾಡಾಕತ್ತಾವ?” ಎಂದ ಹುಡುಗ. ತನ್ನ ಕೈಯಿಂದಲೇ ಏನೋ ತಪ್ಪಾಗಿದೆಯೆಂಬ ಭಯ ಅವನ ಮುಖದ ಮೇಲಿತ್ತು.

ನೆರೆಯವರ ತೀರ್ಪು ಸಿದ್ಧವಾಗಿತ್ತು: ಎಲ್ಲವೂ ಫ್ಲೋರೈಡಿನ ನೀರಿನ ಪ್ರತಾಪ! ಗದಗ, ಮುಂಡರಗಿಗಳ ಕಡೆಯ ಎಷ್ಟೋ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಹೆಚ್ಚೆಂಬುದು ನಿಜವೇ. ಆದರೆ ಎಂಟು ತಿಂಗಳು ಒಗ್ಗಿದ ನೀರು ಐದೇ ದಿನದಲ್ಲಿ ವಿಷವಾಗುವುದೆಂತು? ಮೀನುಗಳಿಗೆ ಮುಳುವಾದುದು ಆ ಸ್ವಚ್ಛತೆಯೇ ಎಂದರೆ ವಾಚಕರು ನಂಬಲಾರರು.

ಮೀನಿನ ವಿನೋದ ನಮ್ಮ ಸೀಮೆಗೆ ಹೊಸದಲ್ಲ. ಇಲ್ಲಿ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವನ್ನು ಕುರಿತು ಬರೆದು, ಮೀನುಗಳ ಜಾತಿಗಳನ್ನೂ ಅವುಗಳ ಆಹಾರವನ್ನೂ ಹೇಳಿದ್ದಾನೆ. ಆದರೆ ಅರಸನ ಮೀನುಗಳು ಹೊಳೆ ಕೆರೆಗಳವು. ಅಲ್ಲಿ ಕೊಳೆಯನ್ನು ಅರಗಿಸುವುದಕ್ಕೆ ಕೆಸರಿದೆ, ಕಲ್ಲಿದೆ, ಅಪಾರವಾದ ನೀರಿದೆ. ಗಾಜಿನ ಪೆಟ್ಟಿಗೆಯಲ್ಲಿ ಆ ಕೆಲಸವನ್ನು ಮಾಡುವವರಾರು? 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎರಡು ಚಿನ್ನದ ಮೀನು, ಒಂದು ನೀರುಗಿಡ, ಕೆಲವು ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿರಿಸಿ, ಅವು ಪರಸ್ಪರ ಬದುಕಿಸಿಕೊಳ್ಳಬಲ್ಲವೆಂದು ತೋರಿಸಿದ. ಆದರೆ ಆ ಸಂಸಾರದಲ್ಲಿ ಕಣ್ಣಿಗೆ ಕಾಣದ ದುಡಿಮೆಗಾರರೂ ಇದ್ದರು. 1890ರ ಸುಮಾರಿಗೆ ರಷ್ಯದ ವಿನೊಗ್ರಾಡ್‌ಸ್ಕಿ ಅಂಥ ಸೂಕ್ಷ್ಮಾಣುಗಳನ್ನು ಮಣ್ಣಿನಿಂದ ಬೇರ್ಪಡಿಸಿದಾಗ ಅವುಗಳ ಕೆಲಸ ಲೋಕಕ್ಕೆ ತಿಳಿಯಿತು.

ಸಂಗತಿಯಿಷ್ಟು. ಮೀನು ತನ್ನ ಕಿವಿರುಗಳಿಂದ ಅಮೋನಿಯವನ್ನು ಹೊರಬಿಡುತ್ತದೆ. ತಿನ್ನದೆ ಉಳಿದ ಕಾಳು ಕೊಳೆತರೂ ಅಮೋನಿಯವೇ. ಒಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ; ಅದೂ ವಿಷವೇ, ಮೀನಿನ ರಕ್ತವನ್ನು ಕಂದುಗಟ್ಟಿಸಿ ಉಸಿರನ್ನು ಕಟ್ಟುತ್ತದೆ. ಇನ್ನೊಂದು ಬಗೆಯವು ಅದನ್ನು ಬಹುಮಟ್ಟಿಗೆ ನಿರುಪದ್ರವಿಯಾದ ನೈಟ್ರೇಟ್ ಆಗಿಸುತ್ತವೆ. ಇವುಗಳ ಬೀಡು ನೀರಿಗಿಂತ ಹೆಚ್ಚಾಗಿ ಕಲ್ಲು, ಉಸುಕು, ಸೋಸುಕದ ಮೈಮೇಲಿನ ಲೋಳೆಯಲ್ಲಿ. ಹೊಸ ತೊಟ್ಟಿಯಲ್ಲಿ ಈ ಎರಡು ಪಂಗಡಗಳೂ ನೆಲೆಯೂರುವುದಕ್ಕೆ ನಾಲ್ಕರಿಂದ ಆರು ವಾರಗಳು ಬೇಕು. ನಮ್ಮ ಹುಡುಗ ಹಿತ್ತಲಿಗೆ ಚೆಲ್ಲಿದುದು ಬರಿಯ ಕಲ್ಲನ್ನಲ್ಲ.

ನಮ್ಮ ಭಾಗದ ನೀರು ಈ ತೊಂದರೆಯನ್ನು ಹೆಚ್ಚಿಸುತ್ತದೆ. ಕೊಳವೆ ಬಾವಿಯ ಗಡಸು ನೀರಿಗೆ ಸಾಮಾನ್ಯವಾಗಿ ಕ್ಷಾರಗುಣ ಹೆಚ್ಚು. ನೀರಿನ ಪಿಎಚ್ 7 ಇದ್ದಾಗ ಅಮೋನಿಯದ ನೂರರಲ್ಲಿ ಒಂದು ಪಾಲೂ ಘೋರ ವಿಷದ ರೂಪದಲ್ಲಿರುವುದಿಲ್ಲ. 8ಕ್ಕೆ ಏರಿದರೆ ಆ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಬಿಸಿಲೂ ಇದಕ್ಕೆ ಸಹಾಯಕ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟರೆ 30 ಡಿಗ್ರಿಯಲ್ಲಿ ಏಳೂವರೆಯಷ್ಟೆ. ಕಿವಿರು ಸುಟ್ಟ ಮೀನಿಗೆ ಉಸಿರಾಡಲು ಗಾಳಿಯೂ ಕಡಿಮೆ!

ಮಿತ್ರರು ತೊಟ್ಟಿಯನ್ನೆಲ್ಲ ಬರಿದುಮಾಡಿ ಮತ್ತೊಮ್ಮೆ ತಿಕ್ಕಿ ತೊಳೆಯಲು ಹೊರಟಿದ್ದರು. ಹೀಗೆ ಮಾಡುವವರೇ ಬಹಳ. ಆಗಷ್ಟೇ ಮೊಳೆತ ಸೂಕ್ಷ್ಮಾಣುಗಳೂ ಅದರಿಂದ ನಾಶವಾಗುತ್ತವೆ. ನಾನು ತಡೆದೆ. ಅಂದು ಕಾಲುಭಾಗ ನೀರನ್ನು ತೆಗೆದು, ಅಷ್ಟೇ ಶಾಖದ ನೀರನ್ನು ಮೆಲ್ಲನೆ ಸುರಿದೆವು. ದಿನ ಬಿಟ್ಟು ದಿನ ಹೀಗೆಯೇ ಮಾಡಬೇಕೆಂದೂ, ಕಾಳು ಎರಡು ದಿನ ಪೂರ್ತಿ ಬಂದೆಂದೂ ಗೊತ್ತುಮಾಡಿದೆವು. ಗಾಳಿ ಊದುವ ಚಿಕ್ಕ ಯಂತ್ರವನ್ನು ಹಗಲಿರುಳೂ ನಡೆಸಿದೆವು. ನಲ್ಲಿಯ ನೀರಾದರೆ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಹಾರಿಹೋಗಲು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಡಬೇಕು. ಆ ಪಾತ್ರೆ ಮಾತ್ರ ತಾಮ್ರದ ಹಂಡೆಯಾಗಬಾರದು. ಮನುಷ್ಯರಿಗೆ ಹಿತವೆಂದು ನಾವು ಮೆಚ್ಚುವ ತಾಮ್ರ ಮೀನಿಗೆ ವಿಷ.

ಮರುದಿನ ಗದಗಿನ ಪರಿಚಿತರೊಬ್ಬರ ಹಳೆಯ ತೊಟ್ಟಿಯಿಂದ ಒಂದು ಬೊಗಸೆ ಹರಳುಕಲ್ಲನ್ನು ಅದೇ ನೀರಿನಲ್ಲಿ ಮುಳುಗಿಸಿ ತಂದೆ. ಹಾಲಿಗೆ ಹೆಪ್ಪು ಹಾಕಿದಂತೆ ಅದನ್ನು ಹೊಸ ಉಸುಕಿನ ಮೇಲೆ ಹರಡಿದೆವು. ಅವರಲ್ಲಿಂದಲೇ ಅಮೋನಿಯವನ್ನು ಪರೀಕ್ಷಿಸುವ ಹನಿಗಳನ್ನೂ ತಂದಿದ್ದೆ. ಗಾಜಿನ ನಳಿಕೆಯ ನೀರಿಗೆ ಹಾಕಿದರೆ ಅಮೋನಿಯ ಇಲ್ಲದಿದ್ದಲ್ಲಿ ಹಳದಿ, ಇದ್ದಲ್ಲಿ ಹಸಿರು. ಬಂದುದು ಕಡುಹಸಿರು.

ಎಂಟನೆಯ ದಿನ ಮತ್ತೊಂದು ವಿಪತ್ತು. ಒಂದು ಮೀನಿನ ಮೈಮೇಲೆ ರವೆ ಚೆಲ್ಲಿದಂತೆ ಬಿಳಿಯ ಚುಕ್ಕೆಗಳು. ಇದು ನಿಜವಾದ ರೋಗ. ನಿತ್ರಾಣವಾದ ಮೀನನ್ನು ಸುಲಭವಾಗಿ ಹಿಡಿಯುವ ಪರೋಪಜೀವಿ. ಅದು ಚರ್ಮದೊಳಗೆ ಅಡಗಿರುವಾಗ ಔಷಧ ತಾಗದು. ಬಲಿತು ತಳಕ್ಕೆ ಉದುರಿ, ನೂರಾರು ಮರಿಗಳಾಗಿ ಒಡೆದು, ಅವು ಮತ್ತೆ ಮೀನನ್ನು ಹುಡುಕುತ್ತ ಈಜುವಾಗಲೇ ಅದನ್ನು ಕೊಲ್ಲಬೇಕು. ಆದುದರಿಂದ ಚುಕ್ಕೆ ಮಾಯವಾಯಿತೆಂದು ಉಪಚಾರವನ್ನು ನಿಲ್ಲಿಸಬಾರದು. ಲೀಟರಿಗೆ ಎರಡು ಗ್ರಾಮಿನಂತೆ ಉಪ್ಪನ್ನು ಕರಗಿಸಿ, ಎರಡು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸಿದೆವು. ಉಪ್ಪಿನಿಂದ ನೈಟ್ರೈಟಿನ ಬಾಧೆಯೂ ತಗ್ಗುತ್ತದೆ. ಆದರೂ ಆ ಮೀನು ಉಳಿಯಲಿಲ್ಲ. ಹುಡುಗ ಅದನ್ನು ಹಿತ್ತಲಿನ ದಾಸವಾಳದ ಬುಡದಲ್ಲಿ ಹೂಳಿದ. ಅಂದು ಶಾಲೆಗೆ ಹೋಗಲಿಲ್ಲ.

ಮೂವತ್ತಾರನೆಯ ದಿನ ಮತ್ತೆ ಹೋಗಿದ್ದೆ. ಚಪ್ಪಲಿ ಬಿಡುವುದರೊಳಗಾಗಿ ಹುಡುಗ ನಳಿಕೆಯನ್ನು ಹಿಡಿದುಕೊಂಡು ಬಂದ. ನೀರು ನಿಂಬೆಯ ಹಣ್ಣಿನಂತೆ ಹಳದಿ. ಮೂರು ಮೀನುಗಳು ತಳದ ಉಸುಕನ್ನು ಕೆದಕುತ್ತಿದ್ದವು. ಗಾಜಿನ ಒಂದು ಮೂಲೆಯಲ್ಲಿ ತೆಳುವಾಗಿ ಪಾಚಿ ಕಟ್ಟಿತ್ತು. ಮನೆಗೆ ಬೀಗರು ಬರುವರೆಂದು ತಾಯಿ ಅರಿವೆ ಹಿಡಿದುಕೊಂಡು ಅದರ ಕಡೆ ನಡೆದರು.

“ಅವ್ವಾ, ಅದನ್ನ ಮುಟ್ಟಬ್ಯಾಡ!” ಎಂದು ಕೂಗಿ ಹುಡುಗ ಅಡ್ಡ ನಿಂತ.